ಮೂರನೆಯ ರಿಂಗು

ಹೋದ ವಾರ ಬೆಳಿಗ್ಗೆ ಮಂಡಿಗೆ ಹಚ್ಚಿಕೊಳ್ಳಲೆಂದು ಸಣ್ಣ ಸೌಟಿನಲ್ಲಿ ಹರಳೆಣ್ಣೆ ಬಿಸಿಗಿಟ್ಟಿದ್ದೆ. ಅದು ಬೆಚ್ಚಗಾಗುವಷ್ಟರಲ್ಲಿ ಕಿಟಕಿಯ ಪರದೆ ಸರಿಸಿ, ಹಾಸಿಗೆಯ ಹೊದಿಕೆ ಮಡಚಿ ಬರುವುದು ನನ್ನ ಕ್ರಮ. ಅಂದು ಹೊದಿಕೆಯ ಅಂಚಿಗೆ ಅಂಚು ಸೇರಲಿಲ್ಲ. ಬಿಡಿಸಿ ಮತ್ತೆ ಮಡಚಿದೆ. ಮರಳಿ ಬರುವ ಹೊತ್ತಿಗೆ ಎಣ್ಣೆ ಹೊಗೆಯಾಡುತ್ತಿತ್ತು. ಮೊಮ್ಮಗಳು ಮೂಗು ಮುಚ್ಚಿಕೊಂಡು ಕಿಟಕಿ ತೆರೆಯುತ್ತಿದ್ದಳು.

"ಅಜ್ಜಾ, ವಾಟ್ ಈಸ್ ದಟ್ ಸ್ಮೆಲ್?" ಎಂದಳು.

ಆ ಕರಕಲು ಸಿಹಿ ವಾಸನೆ... ನೋಡುತ್ತಿದ್ದಂತೆ ನನ್ನ ಎರಡೂ ಅಂಗೈ ಬೆವರಿದವು. ಇಪ್ಪತ್ತು ವರ್ಷಗಳಿಗೂ ಹಿಂದೆ, ಬೇಸಿಗೆಯ ಶನಿವಾರಗಳಲ್ಲಿ, ಈ ವಾಸನೆ ಬಂದರೆ ಅವು ಹೀಗೆಯೇ ಬೆವರುತ್ತಿದ್ದವು.

ಸ್ಪೀಡ್‌ವೇ ಎಂಬ ಒಂದು ಮೋಟಾರ್ ಬೈಕ್ ಓಟವಿದೆ. ಮಣ್ಣಿನ ಸಣ್ಣ ಮೊಟ್ಟೆಯಾಕಾರದ ಹಾದಿ, ನಾಲ್ವರು ಸವಾರರು, ನಾಲ್ಕು ಸುತ್ತು. ಎಲ್ಲ ಮುಗಿಯಲು ಒಂದು ನಿಮಿಷದ ಆಸುಪಾಸು ಸಾಕು. ಆ ಬೈಕುಗಳ ಎಂಜಿನ್ನಿಗೆ ಹಾಕುತ್ತಿದ್ದುದು ಹರಳಿನಿಂದ ತೆಗೆದ ಎಣ್ಣೆ. ಅದು ಸುಟ್ಟ ಹೊಗೆ ಗ್ಯಾಲರಿಯ ಮೇಲೆ ಕವಿದು, ಕೂತವರ ಅಂಗಿಗೂ ಕೂದಲಿಗೂ ಹತ್ತುತ್ತಿತ್ತು. ನನ್ನನ್ನು ಅಲ್ಲಿಗೆ ಮೊದಲ ಸಲ ಕರೆದುಕೊಂಡು ಹೋದವನು ಪಕ್ಕದ ಮನೆಯವನು.

ನಾನು ಉಡುಪಿಯ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ನಿವೃತ್ತನಾಗುವ ಮೊದಲೇ ಹೆಂಡತಿ ತೀರಿಕೊಂಡಿದ್ದಳು. ಮಗಳೂ ಅಳಿಯನೂ ಮೆನ್ಲೋ ಪಾರ್ಕಿನ ಕಂಪ್ಯೂಟರ್ ಕಂಪೆನಿಗಳಲ್ಲಿ ಕೆಲಸಕ್ಕಿದ್ದರು. ಮಗುವನ್ನು ಡೇಕೇರಿನಿಂದ ಹೊತ್ತಿಗೆ ಸರಿಯಾಗಿ ಕರೆತರುವ ಒಬ್ಬರು ಅವರಿಗೆ ಬೇಕಿತ್ತು. ಹೊತ್ತಿಗೆ ಸರಿಯಾಗಿ ಮಾಡುವುದು ನನಗೆ ಗೊತ್ತಿದ್ದ ಒಂದೇ ವಿದ್ಯೆ. ಹಾಗೆ ಸಮುದ್ರ ದಾಟಿ ಡ್ಯಾನ್‌ವಿಲ್‌ಗೆ ಬಂದೆ. ಮಗಳು ಬಾಡಿಗೆಗೆ ಹಿಡಿದಿದ್ದುದು ಜೋಡಿಮನೆ. ಒಂದೇ ಮಾಡು, ಎರಡು ಬಾಗಿಲು, ನಡುವೆ ತೆಳ್ಳನೆಯ ಗೋಡೆ.

ಬೆಳಿಗ್ಗೆ ಹಿತ್ತಿಲಲ್ಲಿ ನಿಂತು ವ್ಯಾಯಾಮ ಮಾಡುವುದು, ಅದಕ್ಕೆ ನಾನೇ ಎಣಿಸಿಕೊಳ್ಳುವುದು ನನ್ನ ರೂಢಿ. ಬಂದ ಹೊಸತರಲ್ಲಿ ಒಂದು ದಿನ "ಏಕ್, ದೋ, ತೀನ್" ಎನ್ನುತ್ತಿದ್ದಾಗ ಪಕ್ಕದ ಗ್ಯಾರೇಜಿನ ಒಳಗಿಂದ ಯಾರೋ ಗಟ್ಟಿಯಾಗಿ "ಪೀಛೇ ಮುಡ್" ಎಂದರು. ನನ್ನ ಕಾಲು ನನ್ನನ್ನು ಕೇಳದೆ ತಿರುಗಿಬಿಟ್ಟಿತು. ಬೇಲಿಯ ಕಡೆ ಬೆನ್ನು ಹಾಕಿ ನಿಂತೆ. ಹಿಂದಿನಿಂದ ನಗು ಕೇಳಿತು. ನಲವತ್ತೈದು ದಾಟಿದ, ಕುಳ್ಳಗೆ ಗಟ್ಟಿಯಾಗಿದ್ದ ಒಬ್ಬ ಮನುಷ್ಯ ಬಟ್ಟೆಯ ಚಿಂದಿಯಲ್ಲಿ ಕೈಯೊರೆಸಿಕೊಳ್ಳುತ್ತ ಹೊರಗೆ ಬಂದ.

"ತಪ್ಪು ತಿಳಿಬೇಡಿ ಮಾಸ್ಟ್ರೇ. ಸಣ್ಣದಿರುವಾಗ ನಿಮ್ಮ ಹಾಗಿರುವವರೊಬ್ಬರು ನಮ್ಮನ್ನು ಬಿಸಿಲಲ್ಲಿ ತಿರುಗಿಸಿ ತಿರುಗಿಸಿ ಬಿಟ್ಟಿದ್ರು. ಒಮ್ಮೆಯಾದ್ರೂ ಸೇಡು ತೀರಿಸ್ಬೇಕು ಅಂತ ಇತ್ತು."

"ನಾನು ಮಾಸ್ತರ ಎಂದು ನಿಮಗೆ ಹೇಗೆ ಗೊತ್ತು?"

"ಬೆಳಿಗ್ಗೆ ಬೆಳಿಗ್ಗೆ ಬಿಳಿ ಪ್ಯಾಂಟಿಗೆ ಇಸ್ತ್ರಿ ಹಾಕಿ ಹಿತ್ತಿಲಿಗೆ ಬರುದು ಮತ್ಯಾರು? ಆದ್ರೆ ನನ್ನನ್ನು ನೀವು ಅನ್ಬೇಡಿ ಮಾರಾಯ್ರೆ. ಡ್ರಿಲ್ ಮಾಸ್ಟ್ರು ನೀವು ಅಂದ್ರೆ ಹೆದರಿಕೆ ಆಗ್ತದೆ. ಪೆಟ್ಟು ಕೊಡುವ ಮೊದಲು ಹಾಗೆ ಹೇಳ್ತಿದ್ರು."

ಮಂಗಳೂರಿನ ಕೊಂಕಣಿ ಕ್ರೈಸ್ತ ಮನೆತನದವನು. ಗಲ್ಫಿನಲ್ಲಿ ಲೇತಿನ ಕೆಲಸ ಮಾಡಿ, ಅಲ್ಲಿಂದ ಈ ದೇಶಕ್ಕೆ ಬಂದು, ಹೇವರ್ಡಿನ ಒಂದು ವರ್ಕ್‌ಶಾಪಿನಲ್ಲಿ ಚಿಪ್ ತಯಾರಿಸುವ ಯಂತ್ರಗಳಿಗೆ ಬಿಡಿಭಾಗ ಕಡೆಯುತ್ತಿದ್ದ. ಅಲ್ಲಿ ಪಕ್ಕದ ಲೇತಿನವನು ಶನಿವಾರಗಳಲ್ಲಿ ರೇಸಿಗೆ ಹೋಗುವವನು. ಅವನ ಬೈಕನ್ನು ತಳ್ಳಿಕೊಡಲು ಹೋದವನು ಒಂದು ದಿನ ತಾನೇ ಹತ್ತಿ ಕುಳಿತನಂತೆ. ಮತ್ತೆ ಇಳಿಯಲು ಮನಸ್ಸಾಗಲಿಲ್ಲ.

ಗ್ಯಾರೇಜಿನೊಳಗೆ ಆ ಬೈಕು ನಿಂತಿತ್ತು. ಒಣಗಿದ ಮೇಕೆಯಷ್ಟು ತೆಳು. ನಾನು ಶಿಸ್ತಿನ ಮನುಷ್ಯ, ಯಾವುದನ್ನೇ ಆಗಲಿ ಎಡದಿಂದ ಬಲಕ್ಕೆ ಕ್ರಮವಾಗಿ ನೋಡುತ್ತೇನೆ. ನೋಡಿದೆ. ಏನೋ ಒಂದು ಇರಲಿಲ್ಲ.

"ಬ್ರೇಕ್ ಎಲ್ಲಿ?"

"ಇಲ್ಲ."

"ಬಿಚ್ಚಿಟ್ಟಿದ್ದೀಯಾ?"

"ಹುಟ್ಟುವಾಗ್ಲೇ ಇಲ್ಲ ಮಾಸ್ಟ್ರೇ. ಗೇರೂ ಒಂದೇ. ನಾಲ್ಕು ಜನ ಒತ್ತಿಕೊಂಡು ಹೋಗುವಾಗ ಒಬ್ಬ ಬ್ರೇಕ್ ಹಿಡಿದ್ರೆ ಹಿಂದಿನವ ಅವನ ಮೇಲೆ ಹತ್ತುದೇ. ಹಾಗಾಗಿ ಯಾರಿಗೂ ಇಲ್ಲ."

"ಎದುರಿನವನು ಬಿದ್ದರೆ?"

"ಆಗ ನಾನೂ ಬೀಳುದು. ಬೈಕನ್ನು ಮಲಗಿಸಿ ನೆಲ ಹಿಡಿಯುದು. ಅದೇ ಬ್ರೇಕ್."

ಇಷ್ಟು ಹೇಳಿ, ಎಣ್ಣೆಯ ಡಬ್ಬಿ ತೆರೆದು ನನ್ನ ಮೂಗಿನ ಬಳಿ ಹಿಡಿದ. "ಇದು ಗೊತ್ತಾಯ್ತಾ? ಸಣ್ಣ ಮಕ್ಕಳಿಗೆ ಭೇದಿಗೆ ಕೊಡುದೇ. ಈ ಗಾಡಿಗೂ ಅದೇ ಆಗ್ಬೇಕು" ಎಂದು ನಕ್ಕ. ನಾನು ನಗಲಿಲ್ಲ. ಮಕ್ಕಳು ಬೀಳದ ಹಾಗೆ ನೋಡಿಕೊಳ್ಳುವುದಕ್ಕೇ ನನ್ನ ಆಯುಷ್ಯ ಕಳೆದಿತ್ತು. ಹೈಜಂಪಿನ ಮರಳನ್ನು ನಾನೇ ಕೆದಕಿ, ಕಲ್ಲು ಹೆಕ್ಕಿ, ಕೈಯಿಂದ ಒತ್ತಿ ನೋಡುತ್ತಿದ್ದೆ. ಬೀಳುವುದನ್ನೇ ಉಪಾಯವಾಗಿ ಇಟ್ಟುಕೊಂಡ ಆಟವೊಂದು ಇದೆ ಎಂದು ಅಂದು ಮೊದಲ ಸಲ ತಿಳಿಯಿತು.

ಆದರೂ ಮುಂದಿನ ಶನಿವಾರ ಅವನ ಪಿಕಪ್ಪಿನಲ್ಲಿ ಕೂತಿದ್ದೆ. ಏಕೆ ಹೋದೆನೆಂದು ಕೇಳಿದರೆ ಇಂದಿಗೂ ಹೇಳಲಾರೆ... ಮಗಳು, "ಅಪ್ಪಾ, ಈ ವಯಸ್ಸಲ್ಲಿ ನಿಮಗೆ ಇದೆಲ್ಲ ಬೇಕಾ? ವೀಕೆಂಡು ಬರ್ಕ್ಲಿ ಕಡೆ ಭಜನೆ ಇದೆ, ಅಲ್ಲಿಗೆ ಡ್ರಾಪ್ ಮಾಡ್ತೀನಿ" ಎಂದಿದ್ದಳು. ಭಜನೆಗೆ ಹೋಗಲಿಲ್ಲ.

ಫ್ರೀವೇ ಹಿಡಿದು ಪೂರ್ವಕ್ಕೆ ಹೋಗಬೇಕು. ಬೇಸಿಗೆಯಲ್ಲಿ ಒಣಗಿ ಕಂದಾದ ಗುಡ್ಡಗಳು, ಅವುಗಳ ನೆತ್ತಿಯ ಮೇಲೆ ಗಾಳಿಯಂತ್ರಗಳ ಸಾಲು. ಅಲ್ಲಿಯವರೆಗೆ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಗಾಳಿಯಂತ್ರ ದಾಟಿ ಇಳಿಜಾರು ಶುರುವಾದ ಮೇಲೆ ಒಂದು ಮಾತೂ ಇಲ್ಲ. ಎಡಗೈಯಿಂದ ಬಲ ಮಣಿಕಟ್ಟನ್ನು ಆಗಾಗ ಮುಟ್ಟಿಕೊಳ್ಳುತ್ತಿದ್ದ. ಓಟದಲ್ಲಿ ಆ ಮಣಿಕಟ್ಟಿಗೆ ಒಂದು ಹಗ್ಗ ಕಟ್ಟುತ್ತಾರೆ, ಅದರ ಇನ್ನೊಂದು ತುದಿ ಎಂಜಿನ್ನಿನ ಸ್ವಿಚ್ಚಿಗೆ. ಸವಾರ ಬಿದ್ದರೆ ಹಗ್ಗ ಜಗ್ಗಿ ಎಂಜಿನ್ ಸಾಯುತ್ತದೆ. ಅವನಿಗೂ ಹೆದರಿಕೆ ಇತ್ತೆಂದು ನನಗೆ ಗೊತ್ತಾದದ್ದು ಆ ಬರಿಯ ಮಣಿಕಟ್ಟನ್ನು ನೋಡಿ.

ಜಾತ್ರೆಮೈದಾನದಂಥ ಒಂದು ಜಾಗ. ಹಲಗೆಬೇಲಿ ಸುತ್ತಿದ ಮಣ್ಣಿನ ಹಾದಿ. ನಾಲ್ವರು ನಾಲ್ಕು ಬಣ್ಣದ ಶಿರಸ್ತ್ರಾಣ ತೊಟ್ಟು ಒಂದು ಗೆರೆಯಲ್ಲಿ ನಿಂತರು. ಅವರ ಎದೆಯೆತ್ತರಕ್ಕೆ ಅಡ್ಡವಾಗಿ ಪಟ್ಟಿಗಳು. ಆ ಗೆರೆ ಎಷ್ಟು ನೇರವಾಗಿತ್ತೆಂದರೆ ನನಗೆ ಒಂದು ಗಳಿಗೆ ಧೈರ್ಯ ಬಂತು. ಮರುಗಳಿಗೆ ಪಟ್ಟಿ ಮೇಲಕ್ಕೆ ಹಾರಿತು. ನಾಲ್ಕು ಬೈಕುಗಳೂ ಒಂದೇ ತಿರುವಿಗೆ ನುಗ್ಗಿದವು. ಹಾದಿ ಎಡಕ್ಕೆ ತಿರುಗಿದರೆ ಮುಂದಿನ ಚಕ್ರ ಬಲಕ್ಕೆ ಮುಖ ಮಾಡಿತ್ತು, ಹಿಂದಿನ ಚಕ್ರ ಮಣ್ಣು ಎರಚುತ್ತ ಹೊರಕ್ಕೆ ಜಾರುತ್ತಿತ್ತು. ಬಿದ್ದರು, ಬಿದ್ದೇಬಿಟ್ಟರು ಎಂದು ನಾನು ಎದ್ದು ನಿಂತೆ. ಯಾರೂ ಬಿದ್ದಿರಲಿಲ್ಲ. ಹಾಗೆ ಜಾರುವುದೇ ಆ ಓಟದ ನಡಿಗೆ. ಎಡಗಾಲಿನ ಬೂಟಿಗೆ ಬಿಗಿದ ಉಕ್ಕಿನ ತಟ್ಟೆಯನ್ನು ನೆಲಕ್ಕೆ ಒರಗಿಸಿ, ಅದರ ಮೇಲೆ ದೇಹದ ಭಾರ ಬಿಟ್ಟು ಸಾಗುತ್ತಾರೆ. ಅವನ ತಟ್ಟೆಯನ್ನು ಅವನೇ ಕಡೆದುಕೊಂಡಿದ್ದ. ಓಟ ಮುಗಿಸಿ ಬಂದಾಗ ಅದು ಬೂದಿ ಹಾಕಿ ತಿಕ್ಕಿದ ಪಾತ್ರೆಯ ಹಾಗೆ ಹೊಳೆಯುತ್ತಿತ್ತು, ಮುಟ್ಟಿದರೆ ಕೈ ಸುಡುತ್ತಿತ್ತು.

ಅವನು ದೊಡ್ಡ ಸವಾರನೇನಲ್ಲ. ಎರಡನೆಯ ದರ್ಜೆಯವರ ಓಟದಲ್ಲಿ ಹೆಚ್ಚಾಗಿ ಮೂರನೆಯವನಾಗಿ ಬರುತ್ತಿದ್ದ. ಅಲ್ಲಿ ಬೇರೆಯವರಿದ್ದರು. ಒಂದು ಕಾಲದ ಚಾಂಪಿಯನ್ ಒಬ್ಬ ಇದ್ದ. ಸೊಂಟ ಬಗ್ಗದು, ಇಬ್ಬರು ಹಿಡಿದು ಸೀಟಿನ ಮೇಲೆ ಕೂರಿಸಬೇಕು; ಪಟ್ಟಿ ಮೇಲಕ್ಕೆ ಹಾರಿದ ಮೇಲೆ ಮಾತ್ರ ಅವನನ್ನು ಹಿಡಿಯುವವರಿಲ್ಲ. ಲೆಕ್ಕ ಕಲಿಸುವ ಶಾಲಾಮಾಸ್ತರ ಒಬ್ಬ ಇದ್ದ. ತೆಳ್ಳಗೆ ಎತ್ತರ, ಕೊಕ್ಕರೆಯ ಹಾಗೆ ಬೈಕಿನ ಮೇಲೆ ಬಾಗಿ ಕೂರುವವನು. ನಾನೂ ಮಾಸ್ತರನೆಂದು ತಿಳಿದ ಮೇಲೆ ಪ್ರತಿ ವಾರ ಬೇಲಿಯ ಹತ್ತಿರ ಬಂದು ನನಗೊಂದು ಸಲ್ಯೂಟ್ ಹೊಡೆಯುತ್ತಿದ್ದ. ಅವರೆಲ್ಲರ ಕೂರುವ ಭಂಗಿ, ತಿರುವು ಹಿಡಿಯುವ ರೀತಿ ನನಗೆ ಬಾಯಿಪಾಠವಾಯಿತು. ಹೆದರಿಕೊಂಡೇ ನೋಡಿದೆ, ನೋಡದೆ ಇರಲೂ ಆಗಲಿಲ್ಲ. ನನ್ನ ದಿನಚರಿಯಲ್ಲಿ ಶನಿವಾರ ಸಂಜೆಗೆ ಹೆದರಿಕೆ ಎಂದು ಬರೆದಿಟ್ಟ ಹಾಗಾಯಿತು.

ಅವನ ಹೆಂಡತಿ ಒಮ್ಮೆಯೂ ಮೈದಾನಕ್ಕೆ ಬಂದವಳಲ್ಲ. ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಫೋನ್ ಎತ್ತುವುದು, ಅಪಾಯಿಂಟ್‌ಮೆಂಟು ಕೊಡುವುದು ಆಕೆಯ ಕೆಲಸ. ಮಾತು ಕಡಿಮೆ. ನಾನು ಎರಡನೆಯ ಸಲ ಹೋಗಿಬಂದ ಮರುದಿನ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಾರಮ್ಮ ಎಂದರೆ ಬರಲಿಲ್ಲ.

"ಮಾಸ್ಟ್ರೇ, ನೀವು ಹೇಗೂ ಹೋಗ್ತೀರಿ. ಒಂದು ಉಪಕಾರ ಆಗ್ಬೇಕು. ಇವರು ಎಲ್ಲ ಮುಗಿದ ಮೇಲೆ ಫೋನ್ ಮಾಡುದು. ಅಷ್ಟರೊಳಗೆ ನಾನಿಲ್ಲಿ ನಾಲ್ಕು ಸಲ ವಿಧವೆ ಆಗಿರ್ತೇನೆ."

ಒಂದು ಸಂಜೆಗೆ ಅವನಿಗೆ ನಾಲ್ಕು ಓಟ ಇರುತ್ತಿತ್ತು.

"ಇವರ ಒಂದೊಂದು ಓಟ ಮುಗಿದ ಕೂಡ್ಲೆ ಅಲ್ಲಿನ ಫೋನಿನಿಂದ ಎರಡು ರಿಂಗ್ ಕೊಟ್ಟು ಇಟ್ಟುಬಿಡಿ. ನಾನು ಎತ್ತುದಿಲ್ಲ. ಎರಡು ಅಂದ್ರೆ ಇವರು ಕಾಲ ಮೇಲೆ ನಿಂತಿದ್ದಾರೆ ಅಂತ. ಮೂರನೇದು ಬಂದ್ರೆ ಎತ್ತುತ್ತೇನೆ."

"ಮಾತಾಡಿಯೇ ಹೇಳಬಹುದಲ್ಲ?"

"ಬೇಡ. ಮಾತಾಡಿದ್ರೆ ನೀವು ಸ್ವರದಲ್ಲಿ ಎಂತದೋ ಅಡಗಿಸಿದ್ದೀರಿ ಅಂತ ಹುಡುಕ್ತಾ ಕೂರ್ತೇನೆ. ರಿಂಗಿನಲ್ಲಿ ಹುಡುಕ್ಲಿಕ್ಕೆ ಎಂತ ಉಂಟು?" ಎಂದಳು. ಹೋಗುವಾಗ ಮೆಟ್ಟಿಲಲ್ಲಿ ತಿರುಗಿ, "ಎತ್ತದಿದ್ರೆ ಹಾಕಿದ ಕಾಸೂ ವಾಪಸ್ ಬೀಳ್ತದೆ. ನಾವು ಮಂಗ್ಳೂರಿನವರಲ್ವಾ" ಎಂದಳು. ಆಕೆ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗಲೇ.

ಗ್ಯಾಲರಿಯ ಹಿಂಬದಿಯಲ್ಲಿ, ತಿಂಡಿಯಂಗಡಿಯ ಪಕ್ಕದಲ್ಲಿ, ಕಂಬಕ್ಕೆ ಜಡಿದ ಒಂದು ಫೋನಿತ್ತು. ಅವನ ಓಟ ಮುಗಿದ ತಕ್ಷಣ ನಾನು ಮೆಟ್ಟಿಲಿಳಿದು ಹೋಗಿ, ನಾಣ್ಯ ಹಾಕಿ, ಎರಡು ರಿಂಗು ಕೇಳಿ, ಇಟ್ಟು, ನಾಣ್ಯ ಹೆಕ್ಕಿಕೊಂಡು ಬರುತ್ತಿದ್ದೆ. ತಿಂಡಿಯಂಗಡಿಯಲ್ಲಿ ಆಲೂಗಡ್ಡೆ ಕರಿಯುತ್ತಿದ್ದ ದಪ್ಪನೆಯ ಹೆಂಗಸು ಇದನ್ನು ವಾರವಾರವೂ ನೋಡುತ್ತಿದ್ದಳು. ಮುದುಕನ ಫೋನನ್ನು ಮನೆಯಲ್ಲಿ ಯಾರೂ ಎತ್ತುತ್ತಿಲ್ಲ ಎಂದು ಆಕೆಗೆ ಕನಿಕರ. ಒಂದು ಸಲ ಕೈಸನ್ನೆ ಮಾಡಿ ಕರೆದು, ಎರಡೇ ಸಲಕ್ಕೆ ಇಟ್ಟುಬಿಟ್ಟರೆ ಯಾರು ತಾನೇ ಎತ್ತಿಯಾರು, ಇನ್ನಷ್ಟು ಹೊತ್ತು ಬಿಡಿ, ಖಂಡಿತ ಎತ್ತುತ್ತಾರೆ ಎಂದು ತಿಳಿಹೇಳಿದಳು. ಹಾಗಾಗದಿರಲಿ ತಾಯಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆ ಹೊತ್ತಿನಲ್ಲಿ ಅವನ ಹೆಂಡತಿ ಮನೆಯಲ್ಲಿ ಏನು ಮಾಡುತ್ತಿದ್ದಳೆಂಬುದು ನಮಗೆ ಭಾನುವಾರ ತಿಳಿಯುತ್ತಿತ್ತು. ಇಸ್ತ್ರಿ. ತನ್ನ ಮನೆಯ ಬಟ್ಟೆ ಮುಗಿದ ಮೇಲೆ ನಮ್ಮ ಮನೆಯದನ್ನು ಕೇಳಿ ಒಯ್ಯುತ್ತಿದ್ದಳು. ದಿಂಬಿನ ಚೀಲ, ಅಡುಗೆಮನೆಯ ಕೈಬಟ್ಟೆ, ಮಗುವಿನ ಕಾಲುಚೀಲ, ಎಲ್ಲಕ್ಕೂ ಗೆರೆ ಬಿದ್ದಿರುತ್ತಿತ್ತು. "ಅಪ್ಪಾ, ನಿಮ್ಮ ಬನಿಯನ್ನಿಗೂ ಕ್ರೀಸ್ ಬಂದಿದೆ ನೋಡಿ. ನಿನ್ನೆ ನಾಲ್ಕು ರೇಸೂ ಇತ್ತು ಅಂತ ಕಾಣ್ಸತ್ತೆ" ಎಂದು ಮಗಳು ತಮಾಷೆ ಮಾಡುತ್ತಿದ್ದಳು. ಕೈಯಲ್ಲಿ ಹಿಡಿದರೆ ಆ ಬಟ್ಟೆಗಳ ಮಡಿಕೆ ಹರಿತವಾಗಿತ್ತು. ನನಗೆ ತಮಾಷೆ ಅನ್ನಿಸಲಿಲ್ಲ.

ಒಂದು ಸಲ ಎಡವಟ್ಟಾಯಿತು. ನಮ್ಮ ಕಿವಿಗೆ ಕೇಳುವ ರಿಂಗಿಗೂ ಆಚೆಯ ಮನೆಯಲ್ಲಿ ಬಾರಿಸುವ ರಿಂಗಿಗೂ ಸ್ವಲ್ಪ ವ್ಯತ್ಯಾಸ ಇರುತ್ತದಂತೆ. ನನ್ನ ಕಿವಿಯಲ್ಲಿ ಎರಡು ಮುಗಿದು ನಾನು ಇಡುವಷ್ಟರಲ್ಲಿ ಅಲ್ಲಿ ಮೂರನೆಯದು ಚಿವುಟಿದಷ್ಟು ಬಾರಿಸಿ ನಿಂತಿತ್ತು. ಆಕೆ ಎತ್ತಿದಾಗ ಬರೀ ಗುಂಯ್ ಎನ್ನುವ ಸದ್ದು. ಅದು ಅವನ ಅಂದಿನ ಕೊನೆಯ ಓಟ. ನಾವು ಬೈಕು ಕಟ್ಟಿ, ಗುಡ್ಡ ದಾಟಿ, ಹೊರಗೆ ಇನ್ನೂ ಬೆಳಕಿರುವಾಗಲೇ ಮನೆ ಮುಟ್ಟಿದೆವು. ಆಕೆ ಬರಿಗಾಲಲ್ಲಿ ರಸ್ತೆಯ ಅಂಚಿಗೆ ಬಂದು ನಿಂತಿದ್ದಳು. ಪಿಕಪ್ಪಿನ ಬಾಗಿಲು ತೆರೆದು, ಮೊದಲು ಅವನ ಎರಡೂ ಕಾಲು ಮುಟ್ಟಿ ನೋಡಿದಳು. ಮತ್ತೆ ನನ್ನ ಕಡೆ ತಿರುಗಿ, "ಎರಡೂಕಾಲು ಬಂತು ಮಾಸ್ಟ್ರೇ" ಎಂದಳು. ಅಷ್ಟೇ. ಅಂದಿನಿಂದ ಎರಡನೆಯದು ಶುರುವಾದ ಕೂಡಲೇ ಇಟ್ಟುಬಿಡುತ್ತಿದ್ದೆ.

ಮೂರು ಬೇಸಿಗೆ ಹೀಗೆ ಕಳೆಯಿತು. ನಾಲ್ಕನೆಯ ಬೇಸಿಗೆ ಬರುವಾಗ ಹೆದರಿಕೆ ನಮ್ಮ ಎರಡು ಮನೆಗಳದ್ದು ಮಾತ್ರ ಆಗಿ ಉಳಿದಿರಲಿಲ್ಲ. ಕಂಪೆನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಬೆಳಗಿನ ಫ್ರೀವೇಯಲ್ಲಿ ಕಾರುಗಳು ಕಡಿಮೆಯಾದದ್ದು ಕಣ್ಣಿಗೇ ಕಾಣುತ್ತಿತ್ತು. ಮಗಳು ಸ್ನಾನಕ್ಕೆ ಹೋಗುವಾಗಲೂ ಸೆಲ್‌ಫೋನು ಒಯ್ಯುತ್ತಿದ್ದಳು. ಅವನ ವರ್ಕ್‌ಶಾಪಿನಲ್ಲಿ ಶಿಫ್ಟು ಇಳಿಸಿದರು. ಆದರೂ ಬೇಲಿಯ ಮೇಲೆ ಕೈಯಿಟ್ಟು ಮಗಳನ್ನು ಕಿಚಾಯಿಸುವುದನ್ನು ಬಿಡಲಿಲ್ಲ. "ನಿಮ್ಮ ಕಂಪೆನಿಗೆ ಬ್ರೇಕ್ ಉಂಟಾ ಕೇಳಿ ನೋಡಿ ಮೇಡಮ್ಮೋರೇ. ನಮ್ಮದಕ್ಕೆ ಇಲ್ಲ ಅಂತ ನಾವು ಮೊದ್ಲೇ ಹೇಳಿಬಿಡ್ತೇವೆ."

ಆ ವರ್ಷವೇ ಕೊನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ಬೇಸಿಗೆ ಮುಗಿದ ಕೂಡಲೇ ಬೈಕು ಮಾರುವುದು. ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ ಕೊಟ್ಟ ಮಾತು, ತಪ್ಪುವವನಲ್ಲ. ಆಕೆಯ ಮುಖದಲ್ಲಿ ಸ್ವಲ್ಪ ನೆಮ್ಮದಿ ಬಂತು. ನನಗೆ ಬರಲಿಲ್ಲ. ಶಾಲೆಯ ಆಟೋಟದ ದಿನ ಮಕ್ಕಳು ಬೀಳುವುದು ಕೊನೆಯ ಸ್ಪರ್ಧೆಗಳಲ್ಲಿ. ಬಿಸಿಲು ಇಳಿದಿರುತ್ತದೆ, ಅತಿಥಿಗಳು ಏಳುವ ತಯಾರಿಯಲ್ಲಿರುತ್ತಾರೆ, ಎಲ್ಲರಿಗೂ ಮುಗಿಯಿತೆಂಬ ಭಾವನೆ. ಟಿಂಚರಿನ ಡಬ್ಬಿಯನ್ನು ನಾನು ಮುಚ್ಚುತ್ತಿದ್ದುದು ಬಹುಮಾನ ಹಂಚಿ, ಮಕ್ಕಳೆಲ್ಲ ಗೇಟು ದಾಟಿದ ಮೇಲೆಯೇ.

ಇನ್ನೊಂದೇ ಶನಿವಾರ ಬಾಕಿ ಇತ್ತು. ಆ ಶನಿವಾರ ಅವನ ಮೊದಲ ಎರಡು ಓಟ ಮುಗಿದು, ಎರಡು ಸಲ ಫೋನು ಮಾಡಿ ಬಂದಿದ್ದೆ. ಮೂರನೆಯ ಓಟದಲ್ಲಿ ಲೆಕ್ಕದ ಮಾಸ್ತರ ಅವನ ಮುಂದಿದ್ದ. ಇವನು ಅಂದು ಎಂದಿಗಿಂತ ಚೆನ್ನಾಗಿ ಹೋಗುತ್ತಿದ್ದ, ಎರಡನೆಯ ಸ್ಥಾನ. ಮೂರನೆಯ ಸುತ್ತಿನ ತಿರುವಿನಲ್ಲಿ ಮಾಸ್ತರನ ಹಿಂದಿನ ಚಕ್ರ ಯಾವುದೋ ಗುಂಡಿ ಹಿಡಿದು ಕುಪ್ಪಳಿಸಿತು. ಕೊಕ್ಕರೆಯ ಹಾಗಿದ್ದ ಆ ದೇಹ ಹಾರಿ ಹಾದಿಯ ನಟ್ಟನಡುವೆ ಬಿತ್ತು. ಹಿಂದೆಯೇ ಇವನು. ಒಳಗೆ ಜಾಗವಿಲ್ಲ, ಹೊರಗೆ ಇನ್ನೊಬ್ಬ.

ಮಲಗಿಸಿದ. ಗ್ಯಾರೇಜಿನಲ್ಲಿ ಅಂದು ಹೇಳಿದ್ದ ಹಾಗೆಯೇ ಬೈಕನ್ನು ಎಡಕ್ಕೆ ಮಲಗಿಸಿ ನೆಲ ಹಿಡಿದ. ಹಗ್ಗ ಜಗ್ಗಿ ಎಂಜಿನ್ ಸತ್ತದ್ದು ಅಷ್ಟು ಗದ್ದಲದಲ್ಲೂ ನನಗೆ ಕೇಳಿಸಿತು. ಬೈಕು ಮಾಸ್ತರನ ತಲೆಯ ಪಕ್ಕದಿಂದ ಜಾರಿ ಹೋಯಿತು. ಅದರ ಹಿಂದೆ ಅವನೂ ಜಾರಿ, ಹಲಗೆಬೇಲಿಗೆ ಹೋಗಿ ಬಡಿದ. ಧೂಳು ಇಳಿದಾಗ ಲೆಕ್ಕದ ಮಾಸ್ತರ ಎದ್ದು ನಿಂತಿದ್ದ. ಇವನು ಏಳಲಿಲ್ಲ.

ಗೇಟು ಕಾಯುವವನು ನನ್ನನ್ನು ತಡೆಯಲಿಲ್ಲ. ಸ್ಟ್ರೆಚರಿನ ಮೇಲಿದ್ದ ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಹಲ್ಲಿನ ನಡುವೆ ಮಣ್ಣು. ನನ್ನನ್ನು ಕಂಡು ಬೆರಳಾಡಿಸಿ ಕರೆದ. ಬಗ್ಗಿದೆ.

"ಮಾಸ್ಟ್ರೇ... ಎರಡೇ ರಿಂಗ್."

ನಾನು ಅವನನ್ನೇ ನೋಡಿದೆ.

"ಆಸ್ಪತ್ರೆಯಿಂದ ಮತ್ತೆ ನಾನೇ ಹೇಳ್ತೇನೆ. ಈಗ ಎರಡೇ."

ನಾನು ತಲೆಯಾಡಿಸಿದೆನೋ ಇಲ್ಲವೋ, ಈಗ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ... ಆಂಬುಲೆನ್ಸಿನ ಬಾಗಿಲು ಮುಚ್ಚಿತು.

ಫೋನಿನವರೆಗೆ ನಡೆದದ್ದು ನೆನಪಿದೆ. ನಾಣ್ಯ ಹಾಕಿದೆ. ಮೊದಲನೆಯ ರಿಂಗು. ಅವನು ಕ್ರಮ ಬಲ್ಲವನು. ಎರಡಕ್ಕೆ ಇಟ್ಟರೆ ಆಕೆಗೆ ಇನ್ನೊಂದಷ್ಟು ಹೊತ್ತು ಹಿಂದಿನ ಹಾಗೆಯೇ ಇಸ್ತ್ರಿ ಮಾಡಲು ಸಿಗುತ್ತದೆ ಎಂದು ಯೋಚಿಸಿದ್ದಾನೆ. ಆಸ್ಪತ್ರೆಯವರು ಸುದ್ದಿ ಕೊಡಲಿ, ನಾನೇಕೆ ಕೊಡಬೇಕು ಎಂದು ನನಗೂ ಅನ್ನಿಸಿತು. ಎರಡನೆಯ ರಿಂಗು. ಕೈ ಅಭ್ಯಾಸದಂತೆ ಕೊಕ್ಕೆಯ ಕಡೆ ಹೋಯಿತು. ಈಗ ಇಟ್ಟರೆ ಇದೊಂದು ಸುಳ್ಳಾಗುವುದು ಮಾತ್ರವಲ್ಲ. ಇಷ್ಟು ಬೇಸಿಗೆ ಆಕೆ ನಂಬಿ ಕೂತಿದ್ದ ಅಷ್ಟೂ ರಿಂಗುಗಳು ಹಿಂದಕ್ಕೆ ಹೋಗಿ ಸುಳ್ಳಾಗುತ್ತವೆ. ಯಾವುದು ನಿಜವಿತ್ತು, ಯಾವುದರಲ್ಲಿ ಮಾಸ್ತರು ಅಡಗಿಸಿದ್ದರು ಎಂದು ಆಕೆ ಜೀವಮಾನವಿಡೀ ಹುಡುಕುತ್ತಾಳೆ. ಕೈ ಹಿಂದಕ್ಕೆ ತೆಗೆದೆ.

ಮೂರನೆಯದು ಬಾರಿಸಿತು. ಎತ್ತಲಿಲ್ಲ. ನಾಲ್ಕನೆಯದು. ಐದನೆಯದು. ಇಷ್ಟು ಹೊತ್ತು ಏಕೆ? ಆಮೇಲೆ ಎತ್ತಿದಳು.

"ಇಸ್ತ್ರಿ ಆಫ್ ಮಾಡಿ ಬಂದೆ. ಹೇಳಿ ಮಾಸ್ಟ್ರೇ."

ಸ್ವರ ಕ್ಲಿನಿಕ್ಕಿನ ಫೋನಿನಲ್ಲಿ ಮಾತಾಡುವ ಹಾಗೆಯೇ ಇತ್ತು. ಎಚ್ಚರ ಇದ್ದಾನೆ, ಸೊಂಟಕ್ಕೆ ಪೆಟ್ಟಾಗಿದೆ, ಆಸ್ಪತ್ರೆಗೆ ಒಯ್ದಿದ್ದಾರೆ ಎಂದು ಕ್ರಮವಾಗಿ ಹೇಳಿದೆ.

"ಮಾತಾಡಿದ್ರಾ?"

"ಮಾತಾಡಿದ."

"ಎಂತ ಹೇಳಿದ್ರು?"

"ಎರಡೇ ರಿಂಗು ಕೊಡಿ ಎಂದ."

ಆಚೆಯಿಂದ ಒಂದು ಸದ್ದು ಬಂತು. ನಗುವೋ ಅಳುವೋ ತಿಳಿಯಲಿಲ್ಲ. "ಹಾಗಾದ್ರೆ ಬದುಕ್ತಾರೆ" ಎಂದಳು.

ಪೆಟ್ಟಿಗೆಯ ಒಳಗೆ ನಾಣ್ಯ ಬಿದ್ದ ಸದ್ದು ಕೇಳಿತು. ಅಷ್ಟು ವರ್ಷಗಳಲ್ಲಿ ಅದು ಮರಳಿ ಬಾರದೆ ಒಳಗೆ ಬಿದ್ದದ್ದು ಅಂದೇ. ತಿರುಗಿದರೆ ತಿಂಡಿಯಂಗಡಿಯ ಹೆಂಗಸು ಬಾಣಲೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಕೊನೆಗೂ ಯಾರೋ ಎತ್ತಿದರಲ್ಲ ಎಂದು ಆಕೆಗೆ ಎಷ್ಟು ಸಂತೋಷವಾಗಿತ್ತೆಂದರೆ, ಎರಡೂ ಹೆಬ್ಬೆರಳು ಎತ್ತಿ ನನಗೆ ತೋರಿಸಿದಳು. ನಾನು ತಲೆಬಾಗಿ ವಂದಿಸಿ ನಡೆದೆ.

ಬದುಕಿದ. ಸೊಂಟದ ಎಲುಬು ಎರಡು ಕಡೆ ಮುರಿದಿತ್ತು. ನಾನು ನೋಡಲು ಹೋದಾಗ, "ಇಲ್ಲಿಯೂ ನಿಮ್ಮ ಡಿಸಿಪ್ಲಿನ್ ಬಿಡ್ಲಿಲ್ಲ ಅಲ್ವಾ ಮಾಸ್ಟ್ರೇ" ಎಂದು ಗೋಡೆಯ ಕಡೆ ಮುಖ ತಿರುಗಿಸಿದ. ಕೆಲವು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಒಂದು ದಿನ ಊರುಗೋಲು ಹಿಡಿದು ಹಿತ್ತಿಲಿಗೆ ಬಂದು, ನಾನು ಎಣಿಸುತ್ತಿದ್ದಾಗ ಮೆಲ್ಲಗೆ "ಪೀಛೇ ಮುಡ್" ಎಂದ. ನಾನು ತಿರುಗಿದೆ, ಬೇಕೆಂದೇ. ಅಲ್ಲಿಗೆ ಅದು ಮುಗಿಯಿತು.

ಅವನು ಹಾಸಿಗೆಯಲ್ಲಿರುವಾಗಲೇ ವರ್ಕ್‌ಶಾಪು ಮುಚ್ಚಿತು. ಅವರಿಬ್ಬರೂ ಗುಡ್ಡದಾಚೆಯ ಬಯಲಿಗೆ, ಬಾಡಿಗೆ ಅಗ್ಗವಿದ್ದ ಊರಿಗೆ ಹೋದರು. ಮುಂದಿನ ಬೇಸಿಗೆಯಲ್ಲಿ ಮೂವರೂ ಗ್ಯಾಲರಿಯಲ್ಲಿ ಕೂತು ಓಟ ನೋಡಿದೆವು. ಆಕೆಗೆ ಅದೇ ಮೊದಲು. ಕೈಚೀಲವನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಒಂದಿಡೀ ಓಟ ನೋಡಿ, "ಇಷ್ಟೆಯಾ? ನಾನು ಮನೆಯಲ್ಲಿ ಕೂತು ನೋಡ್ತಿದ್ದದ್ದು ಇದಕ್ಕಿಂತ ಎಷ್ಟೋ ದೊಡ್ಡದಿತ್ತು" ಎಂದಳು. ಅವನು ಮೊದಲ ಸಲ ಏನೂ ತಮಾಷೆ ಮಾಡದೆ ಆಕೆಯ ಕೈ ಹಿಡಿದುಕೊಂಡ.

ಅವರು ನಮ್ಮಲ್ಲಿಗೆ ಬಂದರೆ, ಮರಳಿ ಮನೆ ತಲುಪಿದ ಕೂಡಲೇ ಎರಡು ರಿಂಗು. ನಾನು ಅಲ್ಲಿಗೆ ಹೋಗಿ ಬಂದರೆ ಇಲ್ಲಿಂದ ಎರಡು ರಿಂಗು. ವರ್ಷಗಳು ಕಳೆದವು. ಯಾರೂ ಎತ್ತುತ್ತಿರಲಿಲ್ಲ. ಮೊಮ್ಮಗಳು ದೊಡ್ಡವಳಾಗುತ್ತ, "ವೈ ಡೋಂಟ್ ಯು ಜಸ್ಟ್ ಟೆಕ್ಸ್ಟ್, ಅಜ್ಜಾ?" ಎಂದು ಕೇಳುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದೆ. ಫೋನು ಬಾರಿಸಿತು. ಹಿಂದಿನ ದಿನ ಅವನಿಗೆ ಉಸಿರಾಟ ಸರಿಯಿಲ್ಲವೆಂದು ಡಾಕ್ಟರ ಬಳಿ ಕರೆದುಕೊಂಡು ಹೋಗಿದ್ದಳು. ಮನೆ ತಲುಪಿದ್ದಾರೆ, ಎಲ್ಲ ಸರಿಯಿದೆ ಎಂದುಕೊಂಡೆ. ಎರಡು ಆಯಿತು. ನಿಲ್ಲುವುದನ್ನು ಕಾದೆ.

ನಿಲ್ಲಲಿಲ್ಲ. ನಾನು ಒಲೆ ಆರಿಸಿದೆ. ಪಾತ್ರೆಗೆ ತಟ್ಟೆ ಮುಚ್ಚಿದೆ. ಕೈಬಟ್ಟೆಯಲ್ಲಿ ಕೈಯೊರೆಸಿ, ಅದನ್ನು ಮಡಚಿ ಅದರ ಜಾಗದಲ್ಲಿಟ್ಟೆ. ಆಮೇಲೆ ಹೋಗಿ ಎತ್ತಿ, "ಹೇಳಮ್ಮ" ಎಂದೆ.

ಆ ಮೈದಾನದಲ್ಲಿ ಈಗ ಓಟ ನಡೆಯುವುದಿಲ್ಲವಂತೆ. ಕಂಬದ ಮೇಲಿನ ಫೋನು ಅದಕ್ಕೂ ಮೊದಲೇ ಹೋಗಿತ್ತು. ಆಕೆ ಒಬ್ಬಳೇ ಅದೇ ಊರಿನಲ್ಲಿದ್ದಾಳೆ, ಕ್ಲಿನಿಕ್ಕಿನ ಕೆಲಸದಿಂದ ನಿವೃತ್ತಳಾಗಿದ್ದಾಳೆ. ಪ್ರತಿ ಶನಿವಾರ ಸಂಜೆ ನಾನು ಎರಡು ರಿಂಗು ಕೊಡುತ್ತೇನೆ. ಸ್ವಲ್ಪ ಹೊತ್ತಿಗೆ ಆಕೆಯ ಎರಡು ಬರುತ್ತವೆ. ಆ ನಡುವಿನ ಹೊತ್ತಿನಲ್ಲಿ ನನ್ನ ಅಂಗೈ ಇನ್ನೂ ಬೆವರುತ್ತದೆ.

ಹೋದ ವಾರ, ಹೊಗೆಯೆಲ್ಲ ಕಿಟಕಿಯಿಂದ ಹೊರಗೆ ಹೋದ ಮೇಲೆ, ಮೊಮ್ಮಗಳನ್ನು ಕೂರಿಸಿ ಇದನ್ನೆಲ್ಲ ಹೇಳಿದೆ. ನನಗೂ ಎಂಬತ್ತು ದಾಟಿ ಕೆಲವು ವರ್ಷಗಳಾದವು, ಹೇಳಿಡುವುದು ಒಳ್ಳೆಯದು. ಆಕೆಯ ನಂಬರು ತೋರಿಸಿದೆ. ಒಂದು ಶನಿವಾರ ನನ್ನ ಬದಲು ನೀನು ಫೋನು ಮಾಡಬೇಕಾಗುತ್ತದೆ, ಅಂದು ಎರಡಕ್ಕೆ ಇಡಬಾರದು ಎಂದೆ. ಅವಳು ಆ ನಂಬರನ್ನು ತನ್ನ ಫೋನಿಗೆ ಹಾಕಿಕೊಂಡಳು.

"ಮೂರನೆಯದಕ್ಕೆ ಎತ್ತಲಿಲ್ಲವೆಂದು ಗಾಬರಿಯಾಗಬೇಡ ಮಗಾ" ಎಂದೆ. "ಆಕೆಗೆ ಇಸ್ತ್ರಿ ಆರಿಸಿ ಬರಲು ಸ್ವಲ್ಪ ಹೊತ್ತು ಬೇಕು."